ಜಾಂಬಿನ ಬಣ್ಣ

ಔರಂಗಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ದಿನಕ್ಕೆ ಏಳೆಂಟು ಸಲ ‘ಕನ್ನಡ’ ಎಂಬ ಫಲಕ ಹೊತ್ತ ಬಸ್ಸು ಬಂದು ನಿಲ್ಲುತ್ತಿತ್ತು. ದೇವನಾಗರಿ ಅಕ್ಷರ, ಬಿಳಿ ಬಣ್ಣ. ಅದು ವಾಯವ್ಯಕ್ಕಿರುವ ಒಂದು ತಾಲೂಕು ಊರಿನ ಹೆಸರು. ಗುರುಲಿಂಗಪ್ಪ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಭಾನುವಾರ ಸುಮ್ಮನೆ ಆ ಬಸ್ಸು ಹತ್ತಿ ಹೋಗಿದ್ದ. ಸಂತೆಯಲ್ಲಿ ಅಡ್ಡಾಡಿದ, ಭಜಿ ತಿಂದ, ಹತ್ತಿಯ ಗಾಡಿಗಳನ್ನು ನೋಡಿದ. ಯಾರೂ ಕನ್ನಡ ಮಾತಾಡಲಿಲ್ಲ. ಸಂಜೆ ಮನೆಗೆ ಬಂದು ಹೆಂಡತಿಗೆ, “ಕನ್ನಡಕ್ಕ ಹೋಗಿ ಬಂದೆ ನೋಡು,” ಎಂದಾಗ ಶಾಂತಾಬಾಯಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. “ಭೆಟ್ಟಿ ಆಯ್ತೇನ್ರಿ ಮತ್ತ?” ಎಂದು ಕೇಳಿದ್ದಳು.

ಅದು ೧೯೬೩. ಮರುವರ್ಷ ಅವಳು ಕಾಮಾಲೆಯಾಗಿ ತೀರಿಕೊಂಡಳು. ಮಕ್ಕಳಿರಲಿಲ್ಲ. ಆಮೇಲೆ ಆ ಮನೆಯಲ್ಲಿ ಕನ್ನಡ ಮಾತಾಡುವ ಪ್ರಸಂಗವೇ ಬರಲಿಲ್ಲ.

ಅವನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಲೋಹಶಾಸ್ತ್ರದ ರೀಡರ್. ಪಾಠ ಇಂಗ್ಲಿಷಿನಲ್ಲಿ, ಜವಾನನ ಜೊತೆ ಮರಾಠಿ, ಹಾಲಿನವನ ಜೊತೆ ಹಿಂದಿ. ಬೀದರ ಕಡೆಯ ಭಾಲ್ಕಿಯ ಹತ್ತಿರದ ಹಳ್ಳಿಯವನು. ನಿಜಾಮನ ಕಾಲದ ಶಾಲೆಯಲ್ಲಿ ಲೆಕ್ಕ, ವಿಜ್ಞಾನವೆಲ್ಲ ಉರ್ದುವಿನಲ್ಲಿ ಕಲಿತವನು. ಕನ್ನಡ ಅಕ್ಷರ ಕಲಿತದ್ದು ಹದಿನೆಂಟಕ್ಕೆ, ತಾನಾಗಿಯೇ. ಹಾಗಾಗಿ ಅವನ ಕನ್ನಡದಲ್ಲಿ ಪುಸ್ತಕದ್ದು ಏನೂ ಇರಲಿಲ್ಲ. ಅಡುಗೆಮನೆ, ಹೊಲ, ಅವ್ವ, ಎತ್ತು, ಹಣ್ಣು. ಉಕ್ಕಿನ ಬಗ್ಗೆ ಯೋಚಿಸುವಾಗ ಇಂಗ್ಲಿಷ್, ಹಸಿವಾದಾಗ ಕನ್ನಡ.

ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಅವನು ಪ್ರಯೋಗಶಾಲೆಯಲ್ಲಿ ಉಳಿಯುತ್ತಿದ್ದ. ಉಕ್ಕಿನ ಚೂರೊಂದನ್ನು ಕನ್ನಡಿಯಂತಾಗುವವರೆಗೆ ಉಜ್ಜಿ, ಅದರ ಮೇಲೆ ಆ್ಯಸಿಡ್ ಸವರಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು. ಅಲ್ಲಿ ಬೆಟ್ಟದ ಮೇಲಿಂದ ನೋಡಿದ ಹೊಲಗಳ ಹಾಗೆ ಬದುಗಳು ಕಾಣುತ್ತಿದ್ದವು. ಮನುಷ್ಯರಿಲ್ಲದ ಹೊಲಗಳು. ಗಂಟೆಗಟ್ಟಲೆ ನೋಡಿದರೂ ಒಬ್ಬನೂ ನಡೆದು ಬರುವುದಿಲ್ಲ.

ಅರವತ್ತೇಳರಲ್ಲಿ ನಾಸಿಕದ ಸಾತಪುರದಲ್ಲಿ ಹೊಸದಾಗಿ ಎದ್ದ ಕಾರ್ಖಾನೆಗಳಲ್ಲೊಂದು ಅವನನ್ನು ಸಲಹೆಗಾರನಾಗಿ ಕರೆಯಿತು. ತಿಂಗಳಿಗೊಂದು ಶನಿವಾರ ಬೆಳಗಿನ ಬಸ್ಸಿನಲ್ಲಿ ವೈಜಾಪುರ, ಯೇವಲೆ ದಾಟಿ ಹೋಗುವುದು, ಭಾನುವಾರ ವಾಪಸು. ಅಲ್ಲಿ ತಗಡಿಗೆ ತೂತು ಹೊಡೆಯುವ ಪಂಚುಗಳನ್ನು ತಯಾರಿಸುತ್ತಿದ್ದರು. ಬೆರಳಿನಷ್ಟು ದಪ್ಪದ ಉಕ್ಕಿನ ತುಂಡುಗಳು. ಉಕ್ಕನ್ನು ಕೆಂಪಗೆ ಕಾಸಿ ಎಣ್ಣೆಯಲ್ಲಿ ಅದ್ದಿದರೆ ಗಡುಸಾಗುತ್ತದೆ, ಆದರೆ ಗಾಜಿನ ಹಾಗೆ ಒಡೆಯುತ್ತದೆ. ಅದಕ್ಕೇ ಇನ್ನೊಮ್ಮೆ ಮೆಲ್ಲಗೆ ಕಾಸಿ ಅದರ ಸೊಕ್ಕು ಇಳಿಸಬೇಕು. ಕಡಿಮೆ ಕಾಸಿದರೆ ಒಡೆಯುತ್ತದೆ, ಹೆಚ್ಚು ಕಾಸಿದರೆ ಮೆತ್ತಗಾಗುತ್ತದೆ. ನಡುವಿನದು ಹದ.

ಮೊದಲ ಸಲ ಹೋದಾಗ ಭಟ್ಟಿಯ ಮುಂದೆ ನಿಂತು ಗುರುಲಿಂಗಪ್ಪ ಸೆಕೆಂಡುಗಳನ್ನು ಎಣಿಸುತ್ತಿದ್ದ. ಎಣಿಸುವಾಗ ಅವನಿಗೆ ಗೊತ್ತಿಲ್ಲದಂತೆ ಕನ್ನಡ ಬರುತ್ತಿತ್ತು. ಮೂವತ್ತೊಂದು, ಮೂವತ್ತೆರಡು. ಭಟ್ಟಿ ನೋಡಿಕೊಳ್ಳುತ್ತಿದ್ದ ಕೆಲಸಗಾರ, ಇಪ್ಪತ್ನಾಲ್ಕರ ವಯಸ್ಸಿನ ವೈಜನಾಥ, ಇಕ್ಕಳ ಹಿಡಿದುಕೊಂಡೇ ತಿರುಗಿ ನೋಡಿದ.

“ಸರ್, ನೀ ಕನ್ನಡದಾಂವ ಏನು?”

ಮೂವತ್ತೆರಡರ ಮುಂದಿನದು ಎಷ್ಟೆಂದು ಗುರುಲಿಂಗಪ್ಪನಿಗೆ ಮರೆತುಹೋಯಿತು.

ಆ ಭಾನುವಾರವೇ ವೈಜನಾಥ ಅವನನ್ನು ಪಂಚವಟಿಯ ಒಂದೂವರೆ ಕೋಣೆಯ ಮನೆಗೆ ಕರೆದೊಯ್ದ. ಅಪ್ಪ ಅಫಜಲಪುರದ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದವನು, ತೀರಿಹೋಗಿದ್ದ. ತಾಯಿ ಚನ್ನಮ್ಮ ಮಾತ್ರ ಇದ್ದಳು. ಜೋಳದ ರೊಟ್ಟಿ ಬಡಿಯುತ್ತ ಮಗನ ಮಾತು ಕೇಳಿ ಅವಳು ಕೈ ನಿಲ್ಲಿಸಿದಳು.

“ನೀವು ಅನ್ನೋ ಹುಚ್ಚಪ್ಪ. ದೊಡ್ಡವರಿಗಿ ನೀ ಅಂತಾರೇನು?”

“ನಂಗೇನ್ ಗೊತ್ತು ಆಯಿ. ನೀ ನನಗ ನೀ ಅಂತಿ, ನಾ ಅದೇ ಕಲ್ತೆ.”

“ಇರಲಿ ಬಿಡ್ರಿ,” ಎಂದ ಗುರುಲಿಂಗಪ್ಪ. “ನನಗ ನೀ ಅನ್ನೋರು ಯಾರೂ ಉಳದಿಲ್ಲ.”

“ಉಳಿಯೂದಿಲ್ರಿ ಮತ್ತ. ನಿಮ್ಮ ಬೀದರ ಮಂದಿ ಮಾತು ಅರ್ಧಾ ಉರ್ದು, ಅರ್ಧಾ ಖಾರಾ. ಯಾರ್ ನಿಲ್ತಾರ ಮುಂದ?” ಎಂದು ಅವಳು ನಕ್ಕಳು.

ಎರಡು ವರ್ಷ ಹೀಗೆ ನಡೆಯಿತು. ತಿಂಗಳಿಗೊಂದು ಭಾನುವಾರ, ಆ ಮನೆ, ರೊಟ್ಟಿ, ಪುಂಡಿಪಲ್ಯ. ವೈಜನಾಥನ ಬಾಯಲ್ಲಿ ಕನ್ನಡ ಕುಂಟುತ್ತಿತ್ತು, ನಡುನಡುವೆ ಮರಾಠಿಗೆ ಜಾರುತ್ತಿತ್ತು. ಆದರೆ ಕೇಳುವಾಗ ಎಲ್ಲ ತಿಳಿದವನ ಹಾಗೆ ತಲೆ ಆಡಿಸುತ್ತಿದ್ದ. ಗುರುಲಿಂಗಪ್ಪನಿಗೆ ಅಷ್ಟೇ ಸಾಕಾಗಿತ್ತು. ಉಕ್ಕಿನ ವಿಷಯವನ್ನು ಅವನು ಕನ್ನಡದಲ್ಲಿ ಹೇಳತೊಡಗಿದ್ದು ಆಗಲೇ. ಜೀವಮಾನದಲ್ಲಿ ಮೊದಲ ಸಲ ಎರಡೂ ಒಂದೇ ಬಾಯಿಗೆ ಬಂದಿದ್ದವು. ತಾನು ಹೇಳಿದ್ದನ್ನೆಲ್ಲ ಅಲ್ಲಿ ಒಬ್ಬ ಹಿಡಿದಿಟ್ಟುಕೊಳ್ಳುತ್ತಿದ್ದಾನೆ ಎಂದು ನಂಬಿದ್ದ.

೧೯೬೯ರ ಆಗಸ್ಟಿನಲ್ಲಿ, ಒಂದು ಬುಧವಾರ ಮಧ್ಯಾಹ್ನ, ಪ್ರಿನ್ಸಿಪಾಲರ ಕಚೇರಿಗೆ ಅವನಿಗೊಂದು ಟ್ರಂಕ್ ಕಾಲ್ ಬಂತು. ಭಟ್ಟಿಯ ಉಷ್ಣತೆ ತೋರಿಸುವ ಮೀಟರು ಕೆಟ್ಟಿದೆ, ನಾಲ್ಕುನೂರು ಪಂಚುಗಳು ಶುಕ್ರವಾರ ಹೊರಡಬೇಕು, ಏನು ಮಾಡುವುದು ಎಂದು ಕಾರ್ಖಾನೆಯ ಮಾಲಕ ಕೇಳಿದ. ಮೀಟರಿಲ್ಲದೆಯೂ ಮಾಡಬಹುದಿತ್ತು. ಉಜ್ಜಿ ಬೆಳ್ಳಗೆ ಮಾಡಿದ ಉಕ್ಕು ಕಾಯುತ್ತಿದ್ದಂತೆ ಅದರ ಮೈಮೇಲೆ ಬಣ್ಣ ಓಡುತ್ತದೆ. ಮೊದಲು ತೆಳು ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಈ ಪಂಚುಗಳಿಗೆ ತೆಳು ಹಳದಿ ಬಂದ ಕ್ಷಣವೇ ನಿಲ್ಲಿಸಬೇಕು. ಮೂರು ನಿಮಿಷದ ಕಾಲ್‌ನಲ್ಲಿ ಒಂದು ಆಗಲೇ ಮುಗಿದಿತ್ತು. “ವೈಜನಾಥನನ್ನು ಕೊಡಿ,” ಎಂದ.

“ವೈಜನಾಥ, ಕೇಳ್ಲತದೇನು?”

“ಕೇಳ್ತದ ಸರ್. ಹೇಳು.”

“ಮೀಟರ್ ಇಲ್ಲಂತ ಅಂಜಬ್ಯಾಡ. ಕಣ್ಣಿಲೇ ನೋಡು. ಉಜ್ಜಿ ಬೆಳ್ಳಗ ಮಾಡು, ಸಣ್ಣ ಉರಿ ಇಡು. ಹಣ್ಣಾದ ಜಾಂಬಿನ ಬಣ್ಣ ಬರ್ತದ. ಬಂತಂದ್ರ ತಡಾ ಮಾಡಬ್ಯಾಡ, ಎಣ್ಣ್ಯಾಗ ಅದ್ದು.”

“ಯಾವ ಬಣ್ಣ?”

“ಜಾಂಬ, ಜಾಂಬ. ಹಣ್ಣಾದ ಜಾಂಬ. ಅದಕಿಂತ ಮುಂದ ಹೋಗಬ್ಯಾಡ.”

ತಂತಿಯಲ್ಲಿ ಗರಗರ ಸದ್ದು. ಆ ಕಡೆ ಯಾವುದೋ ಪ್ರೆಸ್ಸು ಬಡಿಯುತ್ತಿತ್ತು.

“ಆತು ಸರ್. ಗೊತ್ತಾತು.”

ಫೋನಿಟ್ಟಾಗ ಕಚೇರಿಯ ಗುಮಾಸ್ತರೆಲ್ಲ ಅವನತ್ತ ನೋಡುತ್ತಿದ್ದರು. “ಮದ್ರಾಸಿ ಕ್ಯಾ ಸರ್?” ಎಂದ ಒಬ್ಬ. ಗುರುಲಿಂಗಪ್ಪ ನಗುತ್ತ ವರಾಂಡಕ್ಕೆ ಬಂದ. ಅಷ್ಟು ಜನರ ನಡುವೆ ಅಷ್ಟು ಗಟ್ಟಿಯಾಗಿ ಅವನು ಕನ್ನಡ ಮಾತಾಡಿ ಐದು ವರ್ಷವಾಗಿತ್ತು.

ಹನ್ನೆರಡು ದಿನದ ಮೇಲೆ ಒಂದು ಪಾರ್ಸಲ್ ಬಂತು. ಒಳಗೆ ಎರಡು ಪಂಚು, ಮಾಲಕನ ಚೀಟಿ. ನಾಲ್ಕುನೂರೂ ಹಾಳಾಗಿವೆ, ಗಿರಾಕಿ ಎಲ್ಲವನ್ನೂ ವಾಪಸು ಕಳಿಸಿದ್ದಾನೆ, ಕಾರಣ ಬರೆದು ಕೊಡಿ. ಪಂಚುಗಳ ಅಂಚು ಒದ್ದೆಯಾದ ರಟ್ಟಿನಂತೆ ಮಡಚಿಕೊಂಡಿತ್ತು. ಗಡುಸುತನ ಅಳೆದು ನೋಡಿದ, ಬಹಳ ಕಡಿಮೆ. ಹಿಡಿಯ ಮೇಲೆ ಬಣ್ಣ ಇನ್ನೂ ಉಳಿದಿತ್ತು. ನೇರಳೆ.

ಹಳದಿಗೆ ನಿಲ್ಲಿಸು ಎಂದು ಅಷ್ಟು ಬಿಡಿಸಿ ಹೇಳಿದ್ದೆನಲ್ಲ ಎಂದುಕೊಂಡ. ಕನ್ನಡದಲ್ಲಿ ಹೇಳಿದ್ದೆ. ಇಂಗ್ಲಿಷಿನಲ್ಲಿ ಹೇಳಿದ್ದರೆ ಅವನಿಗೆ ತನ್ನ ಮೇಲೇ ಅನುಮಾನ ಬರುತ್ತಿತ್ತು; ಮರಾಠಿಯಲ್ಲಿ ಹೇಳಿದ್ದರೆ ತನ್ನ ವ್ಯಾಕರಣವನ್ನೇ ಬೈದುಕೊಳ್ಳುತ್ತಿದ್ದ. ಅವ್ವನ ಮಾತಿನಲ್ಲಿ ಹೇಳಿದ್ದು ಇನ್ನೊಂದಾಗಿ ಕೇಳಿಸಬಹುದೆಂದು ಅವನಿಗೆ ಹೊಳೆಯಲೇ ಇಲ್ಲ. ಹೊಳೆದದ್ದು ಬೇರೆ: ವೈಜನಾಥ ಕೇಳಿಸಿಕೊಳ್ಳಲಿಲ್ಲ. ಎರಡು ವರ್ಷ ತಲೆ ಆಡಿಸಿದ್ದೆಲ್ಲ ಬರಿ ಮರ್ಯಾದೆಗೆ. ಆ ನೋವಿನಲ್ಲಿ ಒಂದು ಪುಟದ ವರದಿ ಬರೆದ. ಸ್ಪಷ್ಟ ಸೂಚನೆ ಕೊಟ್ಟಿದ್ದರೂ ಕೆಲಸಗಾರ ಅತಿಯಾಗಿ ಕಾಸಿದ್ದಾನೆ. ನಿರ್ಲಕ್ಷ್ಯ.

ವೈಜನಾಥನನ್ನು ತೆಗೆದುಹಾಕಿದರು. ಸಾತಪುರದಲ್ಲಿ ಒಂದು ಗೇಟಿನಲ್ಲಿ ಕೆಟ್ಟ ಹೆಸರು ಮಿಕ್ಕ ಗೇಟುಗಳಲ್ಲೂ ಕೆಟ್ಟಿತು. ಅವನು ಕಾಗದ ಬರೆಯಲಿಲ್ಲ, ಎದುರಿಗೆ ಬಂದು ನಿಲ್ಲಲಿಲ್ಲ. ಆ ಮೌನವನ್ನು ಗುರುಲಿಂಗಪ್ಪ ತಪ್ಪೊಪ್ಪಿಗೆ ಎಂದೇ ತಿಳಿದ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್ ನಾಸಿಕಕ್ಕೆ ಹೋಗಿ ಪಂಚವಟಿಯ ಕಡೆ ತಿರುಗದೆ ವಾಪಸು ಬಂದ. ಈ ನಡುವೆ ಆ ವರದಿಯನ್ನೇ ಹಿಗ್ಗಿಸಿ, ಹೆಸರು ತೆಗೆದು, ಒಂದು ತಾಂತ್ರಿಕ ಪತ್ರಿಕೆಗೆ ಲೇಖನ ಮಾಡಿ ಕಳಿಸಿದ. ಅವರು ಅಚ್ಚು ಹಾಕಿದರು.

ಡಿಸೆಂಬರಿನ ಭಾನುವಾರ ಬಸ್ಸಿಗೆ ಇನ್ನೂ ಮೂರು ಗಂಟೆ ಇತ್ತು. ಗೋದಾವರಿಯ ಸೇತುವೆ ದಾಟಿ ಸುಮ್ಮನೆ ನಡೆಯುತ್ತಿದ್ದವನು ನೋಡಿದರೆ ಚನ್ನಮ್ಮನ ಬಾಗಿಲಲ್ಲಿದ್ದ.

“ಬರ್ರಿ ಸಾಯ್ಬರ. ಹಾದಿ ತಪ್ಪಿ ಬಂದ್ರೇನು?”

“ಕೆಲಸ ಇತ್ರಿ.”

“ಕೆಲಸ ಎಲ್ಲಾರಿಗೂ ಅದ. ನನ್ನ ಮಗಗ ಒಬ್ಬಗೇ ಹೋತು.” ಚಾಪೆ ಹಾಸಿದಳು. “ಈಗ ಇಗತಪುರಿದಾಗ ಹಾನ್ರಿ, ರೇಲ್ವೇದಾಗ ಖಲಾಸಿ. ಹದಿನೈದ್ ದಿನಕ್ಕೊಮ್ಮಿ ಬರ್ತಾನ. ಯಾವನೋ ಮುಂಬೈ ಇಂಜಿನಿಯರ ಬರದು ಕೊಟ್ನಂತ, ಎಲ್ಲಾ ಇವಂದೇ ತಪ್ಪು ಅಂತ. ನಿಮ್ಮ ಸರ್‌ಗ ಒಂದ್ ಮಾತ್ ಹೇಳೋ, ಅವರು ಬಿಡಸ್ತಾರ ಅಂದೆ. ಸುಮ್ನಿರು ಆಯಿ ಅಂದ.”

ಗುರುಲಿಂಗಪ್ಪ ಗೋಡೆ ನೋಡಿದ. ಬರೆದವನು ಯಾರೆಂದು ಮಗ ಹೇಳಿರಲಿಲ್ಲ.

ಅವಳು ತಾಟಿನಲ್ಲಿ ಹಣ್ಣು ಹೆಚ್ಚಿ, ಉಪ್ಪು ಖಾರ ಉದುರಿಸಿ ಮುಂದಿಟ್ಟಳು. ಹೊರಗೆ ತೆಳು ಹಳದಿ, ಒಳಗೆ ಬಿಳಿ. ಏನಾದರೂ ಅನ್ನಬೇಕಲ್ಲ ಎಂದು ಅವನು ಅಂದ: “ಜಾಂಬ ಭಾಳ ಸವಿ ಅದಾವ್ರಿ.”

ಚನ್ನಮ್ಮ ತಾಟು ನೋಡಿದಳು. “ಜಾಂಭಳ ಎಲ್ಲ್ಯವ್ರಿ ಈಗ? ಅವು ಮಳಿ ಹೊತ್ತಿಗಿ. ಇವು ಪ್ಯಾರಲ.”

“ನಮ್ಮ ಕಡಿ ಇದಕ್ಕೇ ಜಾಂಬ ಅಂತೀವ್ರಿ.”

“ಇದಕ್ಕ?” ಅವಳಿಗೆ ನಗು ತಡೆಯಲಿಲ್ಲ. “ಛಲೋ ಆತು. ನಾವು ಪ್ಯಾರಲ, ಇಲ್ಲಿಯವರು ಪೇರು. ಜಾಂಭಳ ಅಂದ್ರ ನೇರಳಹಣ್ಣಲ್ರಿ, ಇಲ್ಲಿ ಸಣ್ಣ ಕೂಸಿಗೂ ಗೊತ್ತು. ವೈಜ್ಯಾ ಸಣ್ಣಾಂವಿದ್ದಾಗ ಅಂಗಿ ತುಂಬಾ ಅದೇ ಬಣ್ಣ ಮಾಡ್ಕೊಂಡ್ ಬರ್ತಿದ್ದ. ಎಷ್ಟ್ ಒಗದ್ರೂ ಹೋಗ್ತಿರಲಿಲ್ಲ.”

ಹಣ್ಣಾದ ಜಾಂಭಳ. ಸೀಬೆಯಲ್ಲ, ನೇರಳೆ. ಅದರ ಬಣ್ಣ ಬರುವವರೆಗೆ ನೋಡು ಎಂದು ಸರ್ ಹೇಳಿದ್ದರು, ಅವನು ನೋಡಿದ್ದ. ಹಳದಿ ಬಂತು, ಬಿಟ್ಟ. ಕಂದು ಬಂತು, ಬಿಟ್ಟ. ನೇರಳೆ ಬಂದ ಕ್ಷಣಕ್ಕೆ ಸರಿಯಾಗಿ ಎಣ್ಣೆಗೆ ಅದ್ದಿದ. ನಾಲ್ಕುನೂರು ಸಲ. ಪಾರ್ಸಲ್ಲಿನ ಆ ಎರಡು ಪಂಚುಗಳ ಹಿಡಿಯ ಬಣ್ಣ ತುದಿಯಿಂದ ತುದಿಗೆ ಒಂದೇ ಸಮ ಇತ್ತೆಂಬುದು ಗುರುಲಿಂಗಪ್ಪನಿಗೆ ಈಗ ನೆನಪಾಯಿತು. ನಿರ್ಲಕ್ಷ್ಯದ ಕೆಲಸ ಎಂದೂ ಅಷ್ಟು ಸಮ ಇರುವುದಿಲ್ಲ. ಪ್ರತಿ ಸಲ ಮೂರನೆಯ ವರ್ಷದ ತರಗತಿಗೆ ಇದನ್ನು ಅವನೇ ಹೇಳಿಕೊಡುತ್ತಿದ್ದ.

“ಯಾಕ್ರಿ, ಖಾರ ಹೆಚ್ಚಾತೇನು?” ಎಂದಳು ಚನ್ನಮ್ಮ.

“ಇಲ್ರಿ,” ಎಂದ. ಇನ್ನೊಂದು ಹೋಳು ತಿಂದ.

ಬಸ್ಸಿನಲ್ಲಿ ಕುಳಿತು ಮನಸ್ಸಿನಲ್ಲೇ ಕಾಗದ ಬರೆದ. ಯೇವಲೆಗೆ ಬರುವಷ್ಟರಲ್ಲಿ ಅದು ಮುಗಿದಿತ್ತು, ಮೂರು ಪುಟ, ಒಳ್ಳೆಯ ಕಾಗದ. ಮನೆ ತಲುಪಿದಾಗ ಬಾಗಿಲ ಕೆಳಗೆ ಒಂದು ಲಕೋಟೆ ಬಿದ್ದಿತ್ತು. ಪ್ರೊಫೆಸರ್ ಹುದ್ದೆಗೆ ಅರ್ಜಿ ಕರೆದಿದ್ದಾರೆ, ಮೇ ತಿಂಗಳಲ್ಲಿ ಸಂದರ್ಶನ. ಪ್ರಕಟವಾದ ಲೇಖನಗಳನ್ನು ಲಗತ್ತಿಸಬೇಕು. ಅವನ ಹತ್ತಿರ ಇದ್ದ ಹೊಸ ಲೇಖನ ಅದೊಂದೇ.

ಮೇ ಆಗಲಿ, ಎಂದುಕೊಂಡ. ಐದು ತಿಂಗಳಲ್ಲಿ ಏನಾಗುತ್ತದೆ. ಕೆಲಸ ಹೇಗೂ ಹೋಗಿದೆ, ಇನ್ನೊಂದು ಸಿಕ್ಕಿದೆ. ಸಂದರ್ಶನ ಮುಗಿದ ಮರುದಿನವೇ ಬರೆದರಾಯಿತು.

ಫೆಬ್ರುವರಿ, ಮಾರ್ಚ್, ಏಪ್ರಿಲ್ ಅವನು ಪಂಚವಟಿಗೆ ಹೋದ. ಹೋಗಬಾರದೆಂದುಕೊಂಡೇ ಹೋದ. ಚನ್ನಮ್ಮ ರೊಟ್ಟಿ ಬಡಿದು ಕೊಡುತ್ತಿದ್ದಳು, ಮಗನ ಕೆಮ್ಮಿನ ಬಗ್ಗೆ, ಘಾಟಿನ ಚಳಿಯ ಬಗ್ಗೆ, ಕಾಣದ ಆ ಮುಂಬೈ ಇಂಜಿನಿಯರನ ಬಗ್ಗೆ ಹೇಳುತ್ತಿದ್ದಳು. ಅವನು ತಲೆ ಆಡಿಸುತ್ತ ಉಣ್ಣುತ್ತಿದ್ದ. ಅವಳ ಮಾತು ಕಿವಿಗೆ ಬೀಳುತ್ತಿದ್ದರೆ ಸಾಕಿತ್ತು, ಆ ಮಾತಿನಲ್ಲಿ ತನಗೇ ಶಾಪವಿದ್ದರೂ.

ಮೇ ತಿಂಗಳಲ್ಲಿ ಅವನು ಪ್ರೊಫೆಸರನಾದ. ಸಂದರ್ಶನದಲ್ಲಿ ಒಬ್ಬರು ಆ ಲೇಖನ ಎತ್ತಿ, ಕೆಲಸಗಾರರ ಅಜಾಗರೂಕತೆಯ ಬಗ್ಗೆ ಇನ್ನೂ ಬರೆಯಿರಿ ಎಂದರು. ಬಾಗಿಲಿಗೆ ಹೊಸ ಫಲಕ ಬಂತು. ಸಹೋದ್ಯೋಗಿಗಳು ಪೇಡೆ ತಿಂದು ಹೋದರು. ಮರುದಿನವೇ ಬರೆಯಬೇಕೆಂದಿದ್ದ ಕಾಗದವನ್ನು ಜೂನ್ ಮೂರನೆಯ ವಾರ ಬರೆದ. ತಪ್ಪು ಸೂಚನೆ ಕೊಟ್ಟ ನನ್ನದೇ, ಕೆಲಸಗಾರ ಹೇಳಿದ್ದನ್ನು ಹೇಳಿದಂತೆ ಮಾಡಿದ್ದಾನೆ, ಕೆಲಸ ಅಚ್ಚುಕಟ್ಟಾಗಿತ್ತು. ಒಂದು ಪ್ರತಿ ಪತ್ರಿಕೆಗೆ ಕಳಿಸಿದ, ಒಂದನ್ನು ಮಾಲಕನ ಕೈಗೇ ಕೊಟ್ಟ. ಮಾಲಕ ಎರಡು ಸಲ ಓದಿದ. ಹಳೆಯದನ್ನು ಯಾಕೆ ಕೆದಕುತ್ತೀರಿ ಸಾಹೇಬ್ ಎಂದ. ಆಮೇಲೆ, ಬೇಕಾದರೆ ಬರಲಿ, ಭಟ್ಟಿಗೆ ಒಳ್ಳೆಯ ಕೈ ಇನ್ನೂ ಸಿಕ್ಕಿಲ್ಲ ಎಂದ.

ಜುಲೈನಲ್ಲಿ ಇಗತಪುರಿಯಲ್ಲಿ ಊರೇ ಕಾಣುತ್ತಿರಲಿಲ್ಲ. ಮಳೆ ಬೀಳುತ್ತಿದೆ ಅನ್ನುವುದಕ್ಕಿಂತ ಅಲ್ಲೇ ನಿಂತಿದೆ ಅನ್ನಬೇಕು. ಘಾಟಿಗೆಂದು ಗಾಡಿಗಳಿಗೆ ಹೆಚ್ಚಿನ ಎಂಜಿನ್ ಜೋಡಿಸುವುದು, ಬಿಚ್ಚುವುದು, ಅದೇ ವೈಜನಾಥನ ಕೆಲಸ. ಪಾಳಿಯ ನಡುವೆ ಅರ್ಧ ಗಂಟೆ ಸಿಕ್ಕಿತು. ಸ್ಟೇಷನ್ನಿನೆದುರಿನ ಸಣ್ಣ ಹೊಟೇಲಿನಲ್ಲಿ ಎದುರುಬದುರು ಕುಳಿತರು. ಅವನ ಗೋಣಿಯ ಕೊಪ್ಪೆಯಿಂದ ನೀರು ಬೆಂಚಿನ ಕೆಳಗೆ ಹರಿಯುತ್ತಿತ್ತು. ತೆಳ್ಳಗಾಗಿದ್ದ.

“ಬೋಲಾ ಸರ್,” ಎಂದ ವೈಜನಾಥ. ಹೇಳಿ ಎಂದು.

“ತಪ್ಪು ನಂದೇ ಅದ ವೈಜನಾಥ. ನಾ ಅಂದ ಜಾಂಬ ಅಂದ್ರ ಪೇರು. ನೀ ತಿಳಕೊಂಡದ್ದು ಜಾಂಭಳ.”

ವೈಜನಾಥ ಅವನ ಮುಖ ನೋಡಿದ. “ಪೇರು,” ಎಂದ. ಒಮ್ಮೆಲೇ ನಕ್ಕುಬಿಟ್ಟ, ಒಂದೇ ಸಲ, ಸೀನಿದ ಹಾಗೆ. ಆಮೇಲೆ ಮರಾಠಿಯಲ್ಲಿ ಹೇಳಿದ: ಒಂದು ವರ್ಷದಿಂದ ಯೋಚಿಸುತ್ತಿದ್ದೇನೆ. ಸರ್ ಹೇಳಿದ್ದನ್ನೇ ಮಾಡಿದೆ, ಹೇಗೆ ತಪ್ಪಾಯಿತು ಅಂತ. ಫೋನಿನಲ್ಲಿ ಒಂದು ಸಲ ಕೇಳಿದೆ. ಇನ್ನೊಂದು ಸಲ ಕೇಳಬೇಕಿತ್ತು. ನನ್ನ ಕನ್ನಡ ಅಷ್ಟು ಕಚ್ಚಾ ಎಂದು ನಿಮಗೆ ಗೊತ್ತಾಗುವುದು ಬೇಡವಿತ್ತು.

ಗುರುಲಿಂಗಪ್ಪ ಕಾಗದವನ್ನು ಮುಂದೆ ತಳ್ಳಿದ. ವೈಜನಾಥ ಕೈ ಒರೆಸಿಕೊಂಡು, ಇಂಗ್ಲಿಷನ್ನು ಅಕ್ಷರ ಅಕ್ಷರವಾಗಿ ಓದಿದ. ಕಾರ್ಖಾನೆ ಮತ್ತೆ ಕರೆಯುತ್ತದೆಂಬ ಮಾತನ್ನೂ ಕೇಳಿಸಿಕೊಂಡ. ಅವನ ಭುಜ ಸ್ವಲ್ಪ ಇಳಿಯಿತು. ಒಂದು ಗಳಿಗೆ ಅವನು ಹಳೆಯ ವೈಜನಾಥನೇ ಆಗಿದ್ದ. ಕಾಗದ ಮಡಚುತ್ತ ಕೇಳಿದ:

“ಕಧೀ ಕಳಲಂ ತುಮ್ಹಾಲಾ?” ನಿಮಗೆ ತಿಳಿದದ್ದು ಯಾವಾಗ.

ಸುಳ್ಳು ಹೇಳಬಹುದಿತ್ತು. ಹೋದ ತಿಂಗಳು ಅಂದಿದ್ದರೆ ಮುಗಿಯುತ್ತಿತ್ತು.

“ಡಿಸೆಂಬರದಾಗ,” ಎಂದ ಗುರುಲಿಂಗಪ್ಪ. “ನಿಮ್ಮ ಮನ್ಯಾಗೇ. ನಿಮ್ಮವ್ವ ಪ್ಯಾರಲ ಕೊಟ್ಟಿದ್ರು.”

“ಆತಾ ಜುಲೈ ಆಹೇ.” ಈಗ ಜುಲೈ.

ಅದರಲ್ಲಿ ಸಿಟ್ಟಿರಲಿಲ್ಲ. ಗಾಡಿಯ ಹೊತ್ತು ಕೇಳಿದವರಿಗೆ ಹೇಳುವಂತೆ ಹೇಳಿದ. ಗುರುಲಿಂಗಪ್ಪ ಸಂದರ್ಶನದ ಮಾತು ಎತ್ತಲು ಹೋಗಿ ನಿಲ್ಲಿಸಿದ. ಬಾಯಿಗೆ ಬಂದ ಒಂದೊಂದು ಶಬ್ದವೂ ಇಂಗ್ಲಿಷಿನದಾಗಿತ್ತು.

ನಿಮಗೆ ಗೊತ್ತಿಲ್ಲ ಅಂದುಕೊಂಡಿದ್ದೆ, ಎಂದ ವೈಜನಾಥ, ಮರಾಠಿಯಲ್ಲೇ. ಗೊತ್ತಿಲ್ಲದವರ ಮೇಲೆ ಸಿಟ್ಟು ಏನು. ಅದಕ್ಕೇ ಆಯಿಗೂ ಹೇಳಲಿಲ್ಲ. ಸರ್ ಬರುತ್ತಾರೆ, ಉಣ್ಣುತ್ತಾರೆ ಅಂತ ಅವಳು ಹೇಳುತ್ತಿದ್ದಳು. ನನಗೆ ಸಂತೋಷವೇ ಆಗುತ್ತಿತ್ತು. ಕಾರ್ಖಾನೆ ಬೇಡ, ಇಲ್ಲಿ ಮುಂದಿನ ವರ್ಷ ಕಾಯಂ ಆಗುತ್ತದೆ ಎಂದ. ಕಾಗದವನ್ನು ಮಾತ್ರ ಅಂಗಿಯ ಒಳಜೇಬಿಗೆ ಇಟ್ಟುಕೊಂಡ.

ಎದ್ದು ಕೊಪ್ಪೆ ಹಾಕಿಕೊಂಡ. ಬಾಗಿಲಿಗೆ ಹೋದವನು ತಿರುಗಿ ಬಂದ.

ಆಯಿಗೆ ಏನೂ ಹೇಳಬೇಡಿ, ಎಂದ. ನೀವು ಹೋಗಿ ಬರುತ್ತಿರಿ. ಅವಳಿಗೆ ಮಾತಿಗೆ ಬೇರೆ ಯಾರೂ ಇಲ್ಲ.

ಹೊರಗೆ ಎಂಜಿನ್ ಸಿಳ್ಳೆ ಹಾಕಿತು. ಅವನು ಅವಸರವಿಲ್ಲದೆ ರಸ್ತೆ ದಾಟಿದ. ನಾಲ್ಕು ಹೆಜ್ಜೆಗೆ ಮಳೆಯಲ್ಲಿ ಕಾಣಿಸಲಿಲ್ಲ.

ಗುರುಲಿಂಗಪ್ಪ ಕುಳಿತೇ ಇದ್ದ. ಪಂಚವಟಿಯ ಬಾಗಿಲು ತೆರೆದೇ ಇದೆ ಎಂದು ಅವನಿಗೆ ಅರ್ಥವಾಯಿತು. ತಾನು ಇನ್ನು ಅಲ್ಲಿಗೆ ಹೋಗಲಾರೆ ಎಂದೂ ಅರ್ಥವಾಯಿತು. ಎದುರಿನ ಲೋಟದಲ್ಲಿ ವೈಜನಾಥ ಮುಟ್ಟದೆ ಬಿಟ್ಟ ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು.

ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಹೊಟೇಲಿನ ಯಜಮಾನ ರತ್ನಾಕರ ಆಗಿನಿಂದಲೂ ಇತ್ತ ನೋಡುತ್ತಿದ್ದ. ಈಗ ಎದ್ದು ಬಂದು ಪಕ್ಕದ ಮೇಜು ಒರೆಸುವ ನೆವದಲ್ಲಿ ನಿಂತ.

“ನೀವು ಆಗ ಮಾತಾಡಿದ್ದು ಕನ್ನಡ ಅಲ್ವಾ? ಅರ್ಧ ತಿಳೀಲಿಲ್ಲ, ಆದ್ರೂ ಕನ್ನಡವೇ. ನಮ್ಮದು ಕುಂದಾಪುರದ ಹತ್ರ. ನಿಮಗೆ ಯಾವ ಊರಾಯ್ತು ಮಾರಾಯ್ರೆ?”

ಗುರುಲಿಂಗಪ್ಪ ಅವನನ್ನು ನೋಡಿದ. ದುಂಡು ಮುಖ, ಹಣೆಯಲ್ಲಿ ಗಂಧ, ಮಾತಿಗೆ ಹಸಿದ ಕಣ್ಣು. ತಾನೂ ಹೀಗೇ ಕಾಣುತ್ತಿದ್ದಿರಬೇಕು.

“ಔರಂಗಾಬಾದ್,” ಎಂದ. ಆಮೇಲೆ ಮರಾಠಿಯಲ್ಲಿ, ನಾಸಿಕದ ಗಾಡಿ ಎಷ್ಟು ಹೊತ್ತಿಗೆ ಎಂದು ಕೇಳಿದ.

ರತ್ನಾಕರನ ಕೈಯಲ್ಲಿ ಒರೆಸುವ ಬಟ್ಟೆ ಒಂದು ಕ್ಷಣ ನಿಂತಿತು. ಆಮೇಲೆ ಅವನೂ ಮರಾಠಿಗೆ ಹೊರಳಿದ. ಮಳೆಯಲ್ಲವೇ, ಹೊತ್ತು ಹೇಳಲಾಗುವುದಿಲ್ಲ ಎಂದು, ಎಲ್ಲ ಗಿರಾಕಿಗಳಿಗೂ ಹೇಳುವ ದನಿಯಲ್ಲಿ ಹೇಳಿ ಗಲ್ಲಾಪೆಟ್ಟಿಗೆಯ ಹಿಂದೆ ಹೋಗಿ ಕುಳಿತ.